ಸಂಪಾದಕ ತಂತ್ರಾಂಶಕ್ಕೆ ನಮ್ಮದೇ ವರ್ಣಯೋಜನೆ

ಗಣಕದ ಕ್ರಮವಿಧಿಯನ್ನು ಬರೆಯುವ ಸಂಪಾದಕ ತಂತ್ರಾಂಶದಲ್ಲಿ ಬಣ್ಣವು ವ್ಯಾಕರಣದ ಕೆಲಸ ಮಾಡುತ್ತದೆ. ಆಜ್ಞಾಪದ, ಸಂಖ್ಯೆ, ಟಿಪ್ಪಣಿಗಳು ಬೇರೆ ಬೇರೆ ವರ್ಣಗಳಿಂದ ಕೂಡಲೇ ಗುರುತಾಗುತ್ತವೆ.

1991ರಲ್ಲಿ ಹೊರಬಂದ ವಿಮ್ ಸಂಪಾದಕವನ್ನು ಉದಾಹರಣೆಯಾಗಿ ನೋಡೋಣ. ಅದರ ಕಲರ್ಸ್ ಎಂಬ ಕಡತಕೋಶದಲ್ಲಿ ನಮ್ಮದೊಂದು ಕಡತವನ್ನಿಟ್ಟು, ಹೈಲೈಟ್ ಆಜ್ಞೆಯಿಂದ ಪ್ರತಿಯೊಂದು ಪದವರ್ಗಕ್ಕೂ ಅಕ್ಷರದ ಮತ್ತು ಹಿನ್ನೆಲೆಯ ಬಣ್ಣಗಳನ್ನು ಸೂಚಿಸಬೇಕು. ಬಳಿಕ ಕಲರ್‌ಸ್ಕೀಮ್ ಆಜ್ಞೆಯೊಡನೆ ಆ ಕಡತದ ಹೆಸರನ್ನು ಬರೆದರೆ ಯೋಜನೆ ಜಾರಿಗೆ ಬರುತ್ತದೆ.

ಕೆಂಪು, ಹಸಿರು, ನೀಲಿಗಳಿಗೆ ತಲಾ 256 ಮಟ್ಟಗಳಿದ್ದು, ಅವುಗಳ ಮಿಶ್ರಣದಿಂದ 1,67,77,216 ಬಣ್ಣಗಳು ದೊರೆಯುತ್ತವೆ. ಆದರೂ ಆಯ್ಕೆಯಲ್ಲಿ ಮಿತವಿರಲಿ. 2011ರಲ್ಲಿ ಈಥನ್ ಸ್ಕೂನೋವರ್ ಪ್ರಕಟಿಸಿದ ಪ್ರಸಿದ್ಧ ಸೋಲರೈಸ್ಡ್ ಯೋಜನೆಗೆ 16 ಬಣ್ಣಗಳೇ ಸಾಕಾದವು. ಮೊದಲು ಹಿನ್ನೆಲೆ, ಅನಂತರ ಸಾಮಾನ್ಯ ಅಕ್ಷರ, ಕಡೆಗೆ ವಿಶೇಷ ಪದಗಳು ಎಂಬ ಕ್ರಮ ಅನುಕೂಲಕರ.

ಕಪ್ಪುಹಲಗೆಯ ಮೇಲಣ ಬಿಳಿ ಸೀಮೆಸುಣ್ಣದ ಅಕ್ಷರ ಕೊನೆಯ ಬೆಂಚಿಗೂ ಕಾಣುವುದು ಕಾಂತಿಭೇದದಿಂದ. ಅಕ್ಷರಕ್ಕೂ ಹಿನ್ನೆಲೆಗೂ ಈ ಭೇದದ ಅನುಪಾತ ಕನಿಷ್ಠ 4.5:1 ಇರಬೇಕೆಂಬುದು ಜಾಲಪುಟಗಳಿಗಾಗಿ 2008ರಲ್ಲಿ ಹೊರಬಂದ ಮಾರ್ಗಸೂಚಿಯ ನಿಯಮ. ಸಂಪಾದಕಕ್ಕೂ ಅದು ಒಳ್ಳೆಯ ಅಳತೆಗೋಲು.

ಕೆಂಪು-ಹಸಿರುಗಳ ವ್ಯತ್ಯಾಸ ಕಾಣದ ಮಕ್ಕಳು ನಮ್ಮ ತರಗತಿಗಳಲ್ಲಿಯೂ ಇರಬಹುದು. ತಪ್ಪಾದ ಪದವನ್ನು ಕೆಂಪಿನಿಂದಷ್ಟೇ ತೋರಿಸಿದರೆ ಅದು ಅವರ ಕಣ್ಣಿಗೆ ಬೀಳದೆ ಹೋದೀತು. ಅದರ ಕೆಳಗೊಂದು ಗೆರೆಯನ್ನೂ ಎಳೆದರೆ ಪಾಠ ಎಲ್ಲರಿಗೂ ತಲುಪುತ್ತದೆ.