ಪತಂಗಗಳ ಪ್ರಣಯದಲ್ಲಿ ಸಸ್ಯಗಂಧ

ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ಅರಿಯದವರು ವಿರಳ. ಮರವೊಂದು ತನ್ನೊಡಲಲ್ಲಿ ಕೂಡಿಟ್ಟ ಪರಿಮಳವು ಮಾನವನ ಕುಶಲಕಲೆಗೆ ಆಸರೆಯಾಯಿತು. ಆದರೆ ಸಸ್ಯದಿಂದ ಗಂಧವನ್ನು ಪಡೆದು ಬಾಳನ್ನು ಸಿಂಗರಿಸಿಕೊಳ್ಳುವ ಜೀವಿ ಮಾನವನೊಬ್ಬನೇ ಅಲ್ಲ. ಕುಮುದ್ವತಿ ಹರಿಯುವ ಶಿಕಾರಿಪುರ ಸೀಮೆಯಲ್ಲಿಯೂ ದಂಡಾವತಿಯ ದಡದ ಸೊರಬದಲ್ಲಿಯೂ ನಾವು ಲೆಕ್ಕಕ್ಕಿಡದ ಪತಂಗಗಳಲ್ಲಿ ಕೆಲವು ಈ ವಿದ್ಯೆಯಲ್ಲಿ ಬಲು ನಿಪುಣವಾದವು.

ಕೀಟಗಳು ಒಂದನ್ನೊಂದು ಅರಿಯಲು ಹೊರಸೂಸುವ ರಾಸಾಯನಿಕಕ್ಕೆ ಫೆರೋಮೋನ್ ಎಂದು ಹೆಸರು. ಇದರ ಸ್ವರೂಪವು ಮೊದಲು ಬೆಳಕಿಗೆ ಬಂದುದು ನಮ್ಮ ನಾಡಿಗೆ ಚಿರಪರಿಚಿತವಾದ ರೇಷ್ಮೆ ಪತಂಗದಿಂದ. 1959ರಲ್ಲಿ ಜರ್ಮನಿಯ ಬುಟೆನಾಂಟ್ ಎಂಬ ವಿಜ್ಞಾನಿ ಸುಮಾರು 5 ಲಕ್ಷ ಹೆಣ್ಣು ಪತಂಗಗಳಿಂದ ‘ಬಾಂಬಿಕಾಲ್’ ಎಂಬ ಗಂಧವಸ್ತುವನ್ನು ಬೇರ್ಪಡಿಸಿದನು. ಅಲ್ಲಿ ಗಂಧವನ್ನು ಸೂಸುವುದು ಹೆಣ್ಣು. ಅದನ್ನು ತನ್ನ ದೇಹದಲ್ಲಿಯೇ ತಯಾರಿಸಿಕೊಳ್ಳುತ್ತದೆ. ಇಲ್ಲಿ ವಿವರಿಸಹೊರಟಿರುವ ಪತಂಗಗಳಲ್ಲಿಯಾದರೋ ಗಂಡಿಗೂ ಗಂಧವುಂಟು. ಅದರ ಮೂಲದ್ರವ್ಯವು ಗಿಡದಿಂದ ಬಂದುದು.

ಹಸಿರೆಲೆಗೊಬ್ಬರಕ್ಕಾಗಿ ರೈತರು ಬಿತ್ತುವ ಅಪ್ಸೆಣಬನ್ನು ಎಲ್ಲರೂ ಬಲ್ಲರು. ಅದರ ಕುಲದ ಕಾಡುಗಿಡಗಳೂ ಬದುಗಳ ಮೇಲೆ, ಬೀಳುಗಳಲ್ಲಿ ಹಳದಿ ಹೂ ಬಿಡುತ್ತವೆ. ಒಣಗಿದ ಅವುಗಳ ಕಾಯಿಯನ್ನು ಅಲುಗಿಸಿದರೆ ಒಳಗಿನ ಬೀಜಗಳು ಗಿಲಿಗಿಲಿ ಸದ್ದು ಮಾಡುತ್ತವೆ. ಈ ಗಿಡಗಳ ಮೇಲೆ ಯುಟೆತೀಸ ಎಂಬ ಪತಂಗದ ಕಂಬಳಿಹುಳುಗಳು ಬೆಳೆಯುತ್ತವೆ. ಎಲೆಯನ್ನು ತಿನ್ನುವುದಲ್ಲದೆ ಕಾಯನ್ನು ಕೊರೆದು ಬೀಜವನ್ನೂ ತಿನ್ನುತ್ತವೆ. ಪತಂಗವು ಸಣ್ಣದು, ಬಿಳಿಯ ರೆಕ್ಕೆಯ ಮೇಲೆ ಕೆಂಪು, ಕಪ್ಪು ಚುಕ್ಕೆಗಳಿರುವ ಚೆಲುವಾದ ಜೀವಿ.

ಈ ಗಿಡಗಳಲ್ಲಿ, ವಿಶೇಷವಾಗಿ ಬೀಜಗಳಲ್ಲಿ, ಪಿರೋಲಿಜಿಡೀನ್ ಎಂಬ ವರ್ಗದ ಕಹಿಯಾದ ಕ್ಷಾರಾಭಗಳಿವೆ. ಇವು ದನಕರುಗಳಿಗೂ ಮನುಷ್ಯರಿಗೂ ವಿಷ. ಕಂಬಳಿಹುಳುವಾದರೋ ಈ ವಿಷವನ್ನು ಅಪಾಯವಿಲ್ಲದಂತೆ ಒಡಲಲ್ಲಿ ಕೂಡಿಟ್ಟುಕೊಳ್ಳುತ್ತದೆ. ಪತಂಗವಾಗಿ ಹೊರಬಂದ ಮೇಲೂ ಅದು ಉಳಿದಿರುತ್ತದೆ. ಗಂಡು ಪತಂಗವು ಅದರ ಒಂದಂಶವನ್ನು ಮಾರ್ಪಡಿಸಿ ‘ಹೈಡ್ರಾಕ್ಸಿಡನೈಡಾಲ್’ ಎಂಬ ಗಂಧವನ್ನಾಗಿ ಮಾಡುತ್ತದೆ. ಹೊಟ್ಟೆಯ ತುದಿಯಲ್ಲಿ ಮಡಿಸಿಟ್ಟ ಕೂದಲಿನ ಕುಚ್ಚುಗಳು ಈ ಗಂಧದ ನೆಲೆ. ಇದನ್ನು 1972ರಲ್ಲಿ ಆಸ್ಟ್ರೇಲಿಯದ ಕಲ್ವೆನರ್ ಮತ್ತು ಎಡ್ಗರ್ ಪ್ರಕಟಿಸಿದರು.

ಸಂಜೆಯಾದ ಮೇಲೆ ಹೆಣ್ಣು ತನ್ನ ಗಂಧದಿಂದ ದೂರದ ಗಂಡನ್ನು ಕರೆಯುತ್ತದೆ. ಬಳಿಗೆ ಬಂದ ಗಂಡು ಕುಚ್ಚುಗಳನ್ನು ಹೊರಚಾಚಿ ತನ್ನ ಗಂಧವನ್ನು ಹೆಣ್ಣಿಗೆ ಅರುಹುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಐಸ್ನರ್, ಮೈನ್‌ವಾಲ್ಡ್ ಮತ್ತು ಅವರ ಸಂಗಡಿಗರು ಅಲ್ಲಿಯ ಯುಟೆತೀಸವನ್ನು ಕ್ಷಾರಾಭವಿಲ್ಲದ ಆಹಾರದ ಮೇಲೆ ಸಾಕಿ ನೋಡಿದರು. ಹೀಗೆ ಬೆಳೆದ ಗಂಡುಗಳು ನೋಟಕ್ಕೆ ಪುಷ್ಟವಾಗಿಯೇ ಇದ್ದರೂ ಅವುಗಳಲ್ಲಿ ಗಂಧವಿರಲಿಲ್ಲ; ಹೆಣ್ಣುಗಳ ಒಲವನ್ನು ಗಳಿಸುವಲ್ಲಿ ಅವು ಹಿಂದುಳಿದವು. ಇದು 1981ರಲ್ಲಿ ಪ್ರಕಟವಾಯಿತು.

ಹೆಣ್ಣು ಈ ಗಂಧಕ್ಕೆ ಇಷ್ಟು ಬೆಲೆ ಕೊಡುವುದೇಕೆ? ಉತ್ತರವು 1988ರ ಇನ್ನೊಂದು ಸಂಶೋಧನೆಯಲ್ಲಿ ದೊರೆಯಿತು. ಕೂಡುವಾಗ ಗಂಡು ವೀರ್ಯದೊಡನೆ ಕ್ಷಾರಾಭವನ್ನೂ ಹೆಣ್ಣಿಗೆ ಕೊಡುತ್ತದೆ. ಹೆಣ್ಣು ತನ್ನ ಪಾಲನ್ನೂ ಸೇರಿಸಿ ಮೊಟ್ಟೆಗಳಿಗೆ ಹಂಚುತ್ತದೆ. ವಿಷವುಳ್ಳ ಮೊಟ್ಟೆಗಳನ್ನು ಗುಲಗಂಜಿ ಹುಳುಗಳು ತಿನ್ನಲೊಲ್ಲವು. ಬಲೆಗೆ ಬಿದ್ದ ಪತಂಗವನ್ನು ಜೇಡವೇ ಎಳೆ ಕತ್ತರಿಸಿ ಬಿಟ್ಟುಬಿಡುವುದೂ ಉಂಟು. ಆದುದರಿಂದ ಗಂಡಿನ ಪರಿಮಳವು ಬರಿಯ ಅಲಂಕಾರವಲ್ಲ. ಸಂತಾನಕ್ಕೆ ಕೊಡಬಲ್ಲ ರಕ್ಷಣೆಯ ಸಾಕ್ಷಿ. ಎಳವೆಯಲ್ಲಿ ಕೂಡಿಡದವನು ಈ ಸಾಕ್ಷಿಯನ್ನು ಒದಗಿಸಲಾರ.

ಭಾರತದಲ್ಲಿ ವ್ಯಾಪಕವಾಗಿರುವ ಕ್ರಿಯೇಟೊನೋಟಸ್ ಎಂಬ ಪತಂಗದ ಕಥೆ ಇನ್ನೂ ಸೋಜಿಗದ್ದು. ಅದರ ಕಂಬಳಿಹುಳು ಭತ್ತವೂ ಸೇರಿದಂತೆ ಹಲವು ಗಿಡಗಳನ್ನು ತಿನ್ನುತ್ತದೆ. ಗಂಡಿನ ಹೊಟ್ಟೆಯ ತುದಿಯಿಂದ ನಾಲ್ಕು ರೋಮಮಯ ಕೊಳವೆಗಳು ಉಬ್ಬಿ ಹೊರಬರುತ್ತವೆ. ಶ್ನೈಡರ್, ಬೊಪ್ರೆ ಮೊದಲಾದವರು 1982ರಲ್ಲಿ ತೋರಿಸಿದಂತೆ, ಕ್ಷಾರಾಭವನ್ನು ತಿಂದು ಬೆಳೆದ ಗಂಡಿನಲ್ಲಿ ಇವು ದೇಹದಷ್ಟೇ ದೊಡ್ಡದಾಗಿ ಬೆಳೆಯಬಲ್ಲವು. ತಿನ್ನದೆ ಬೆಳೆದ ಗಂಡಿನಲ್ಲಿ ಚಿಕ್ಕದಾಗಿಯೇ ಉಳಿಯುತ್ತವೆ. ಅಂದರೆ ಗಂಧವಷ್ಟೇ ಅಲ್ಲ, ಗಂಧವನ್ನು ಸೂಸುವ ಅಂಗವೂ ಗಿಡದ ಕೊಡುಗೆಯೇ.

ಪತಂಗಕ್ಕೆ ವರವಾದ ಈ ದ್ರವ್ಯವು ಮಾನವನಿಗೆ ಶಾಪವಾದುದೂ ಉಂಟು. 1975ರಲ್ಲಿ ಅಂದಿನ ಮಧ್ಯಪ್ರದೇಶದ, ಇಂದಿನ ಛತ್ತೀಸಗಢದ, ಸರ್ಗುಜಾ ಜಿಲ್ಲೆಯಲ್ಲಿ ಸಾಮೆಯೊಡನೆ ಇದೇ ಕುಲದ ಕಾಡುಗಿಡದ ಬೀಜಗಳು ಬೆರೆತವು. ಅದನ್ನುಂಡ ಬಡಜನರ ಯಕೃತ್ತಿನ ರಕ್ತನಾಳಗಳು ಕಟ್ಟಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ ಅನೇಕರು ಅಸುನೀಗಿದರು. ಧಾನ್ಯವನ್ನು ಕೇರಿ ಹಸನು ಮಾಡುವ ನಮ್ಮ ತಾಯಂದಿರ ಕೆಲಸವು ಎಷ್ಟು ದೊಡ್ಡದೆಂಬುದು ಇದರಿಂದ ವೇದ್ಯವಾಗುತ್ತದೆ.

ಹಾಗೆಂದು ಬದುವಿನ ಗಿಡಗಳನ್ನೆಲ್ಲ ಕಳೆನಾಶಕದಿಂದ ಸುಡುವುದು ವಿವೇಕವೆನಿಸದು. ಗಿಡವು ಅಳಿದರೆ ಗಂಧವೂ ಅಳಿಯುತ್ತದೆ, ಗಂಧವು ಅಳಿದರೆ ಪತಂಗದ ಪೀಳಿಗೆಯೂ ಕ್ಷೀಣಿಸುತ್ತದೆ. ಅಪಾಯವನ್ನು ಅರಿತು ದೂರವಿರುವುದು ಬೇರೆ, ಅರಿಯದೆ ನಾಶಮಾಡುವುದು ಬೇರೆ. ಈ ಭೇದವನ್ನು ಮಕ್ಕಳ ಮನಸ್ಸಿನಲ್ಲಿ ನೆಲೆಗೊಳಿಸುವುದು ಉಪಾಧ್ಯಾಯರ ಹೊಣೆ. ಅದಕ್ಕೆ ಬೆಲೆಬಾಳುವ ಪ್ರಯೋಗಾಲಯ ಬೇಕಿಲ್ಲ. ಬೀಜವನ್ನು ಬಾಯಿಗಿಡಬಾರದೆಂಬ ಎಚ್ಚರಿಕೆಯೊಡನೆ ಮಕ್ಕಳನ್ನು ಗದ್ದೆಯ ಬದುವಿಗೆ ಕರೆದೊಯ್ದು, ಹೂಬಿಟ್ಟ ಒಂದು ಗಿಡದ ಮುಂದೆ ನಿಲ್ಲಿಸಿದರೆ ಪಾಠವು ತಾನಾಗಿಯೇ ಆರಂಭವಾಗುತ್ತದೆ.