ಮೊದಲು ಲಸಿಕೆ, ಆಮೇಲೆ ಜಾತ್ರೆ

ಜಾತ್ರೆ ಮುಗಿಸಿಕೊಂಡು ಬಂದು ಮಗುವಿಗೆ ಲಸಿಕೆ ಹಾಕಿಸ್ತೀನಿ ದೊಡ್ಡಮ್ಮ ಅಂದೆ ನೀನು. ಬೇಡ ಮಗಳೇ, ಲಸಿಕೆ ಮೊದಲಾಗಲಿ. ಅದೂ ಹೊರಡುವುದಕ್ಕೆ ಎರಡು ವಾರ ಮುಂಚೆ, ಏಕೆಂದರೆ ಸೂಜಿ ಚುಚ್ಚಿದ ದಿನವೇ ಮೈ ಸಜ್ಜಾಗುವುದಿಲ್ಲ. ತಾಯಿ ಕಾರ್ಡ್ ತೆಗೆದು ನೋಡು. 9 ತಿಂಗಳು ತುಂಬಿದಾಗ ಹಾಕಿಸಿದ ದಡಾರ-ರುಬೆಲ್ಲಾ ಚುಚ್ಚುಮದ್ದಿನ ತಾರೀಕು ಅಲ್ಲಿದೆ. 16ರಿಂದ 24 ತಿಂಗಳೊಳಗಿನ ಎರಡನೆಯದರ ಜಾಗ ಖಾಲಿಯಿದೆ.

ಒಂದು ಆಗಿದೆಯಲ್ಲ ಅನ್ನಬೇಡ. ಮೊದಲನೆಯದು ಹಾಕುವ ಹೊತ್ತಿಗೆ ಕೆಲವು ಮಕ್ಕಳ ರಕ್ತದಲ್ಲಿ ತಾಯಿ ಕೊಟ್ಟ ಪ್ರತಿಕಾಯಗಳು ಇನ್ನೂ ಉಳಿದಿರುತ್ತವೆ, ಅವು ಲಸಿಕೆಗೆ ಕೆಲಸ ಮಾಡಗೊಡುವುದಿಲ್ಲ. ಹಾಗಾಗಿ 100ರಲ್ಲಿ ಸುಮಾರು 15 ಮಕ್ಕಳಿಗೆ ಮೊದಲ ಸಲ ರಕ್ಷಣೆ ಹತ್ತುವುದೇ ಇಲ್ಲ. ನಿನ್ನ ಕೂಸು ಅವರಲ್ಲಿ ಒಂದೋ ಅಲ್ಲವೋ ಎಂದು ಮುಖ ನೋಡಿ ಹೇಳಲು ಯಾರಿಗೂ ಆಗದು.

ಮೈಮೇಲೆ ಗುಳ್ಳೆ ಏಳುತ್ತದೆಂದು ದಡಾರವನ್ನು ಚರ್ಮದ ಕಾಯಿಲೆ ಅಂದುಕೊಂಡವರೇ ಹೆಚ್ಚು. ಅದು ಉಸಿರಿನಿಂದ ಹರಡುವ ವೈರಸ್. ಕೆಮ್ಮಿದ ಮಗು ಎದ್ದುಹೋದರೂ, ಊದಿನಕಡ್ಡಿ ಆರಿದ ಮೇಲೆ ವಾಸನೆ ಉಳಿದ ಹಾಗೆ, ಎರಡು ಗಂಟೆಯವರೆಗೂ ಕೋಣೆಯ ಗಾಳಿಯಲ್ಲಿ ಉಳಿದಿರಬಲ್ಲದು. ರಕ್ಷಣೆಯಿಲ್ಲದ 10 ಜನ ರೋಗಿಯ ಹತ್ತಿರ ಸುಳಿದರೆ 9 ಜನಕ್ಕೆ ಅಂಟುತ್ತದೆ. ಇನ್ನೂ ಕೆಟ್ಟದ್ದೆಂದರೆ ಮೊದಲ ದಿನಗಳಲ್ಲಿ ಬರೀ ಜ್ವರ, ನೆಗಡಿ, ಕೆಮ್ಮು, ಕೆಂಪಗಾಗಿ ನೀರೂರುವ ಕಣ್ಣು. ಕಿವಿಯ ಹಿಂದೆ, ಹಣೆಯಂಚಿನಲ್ಲಿ ಕೆಂಪು ಕಾಣುವ ನಾಲ್ಕು ದಿನ ಮುಂಚಿನಿಂದಲೇ ಆ ಮಗು ಬೇರೆಯವರಿಗೆ ಹಂಚುತ್ತಿರುತ್ತದೆ. ಜಾತ್ರೆಯ ಬಸ್ಸಿನಲ್ಲಿ ಪಕ್ಕದ ಮಗುವಿಗೆ ಇರುವುದು ನೆಗಡಿಯೋ ದಡಾರವೋ ನಿನಗೆ ಹೇಗೆ ಗೊತ್ತಾಗಬೇಕು?

ನಾನು ಕಿರಿಯ ಆರೋಗ್ಯ ಸಹಾಯಕಿಯಾಗಿ ಹಳ್ಳಿ ಸುತ್ತುತ್ತಿದ್ದ ಕಾಲದಲ್ಲಿ 'ಅಮ್ಮ ಬಂದಿದ್ದಾಳೆ, ಹೋಗ್ತಾಳೆ' ಅನ್ನುತ್ತಿದ್ದರು. ಬಹಳ ಮಕ್ಕಳಿಗೆ ಹೋಗುತ್ತಿತ್ತು, ನಿಜ. ಕೆಲವರಿಗೆ ನ್ಯುಮೋನಿಯಾ ಆಗುತ್ತಿತ್ತು, ಭೇದಿ ಹಿಡಿಯುತ್ತಿತ್ತು, ಕಿವಿ ಸೋರುತ್ತಿತ್ತು; ಸೊರಗಿದ ಮಕ್ಕಳ ಕಣ್ಣೇ ಹೋಗುತ್ತಿತ್ತು. ಈಗ ಇನ್ನೊಂದು ಗೊತ್ತಾಗಿದೆ: ಬೇರೆ ರೋಗಗಳ ವಿರುದ್ಧ ಮೈ ಗಳಿಸಿಟ್ಟ ರಕ್ಷಣೆಯ ನೆನಪನ್ನೂ ದಡಾರ ಅಳಿಸಿಹಾಕುತ್ತದೆ. ಗುಳ್ಳೆ ಮಾಯವಾದ ಎಷ್ಟೋ ತಿಂಗಳ ಮೇಲೆ ಮಗು ಮತ್ತೆ ಮತ್ತೆ ಮಲಗುವುದು ಇದರಿಂದಲೇ.

2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಐದು ಕಡೆ 15 ವರ್ಷದೊಳಗಿನ ಮಕ್ಕಳಿಗೆಲ್ಲ ಈ ಲಸಿಕೆ ಹಾಕುವಾಗ ವಾಟ್ಸಾಪ್‌ನಲ್ಲಿ ವದಂತಿ ಹರಿದು, ಎಷ್ಟೋ ತಂದೆತಾಯಂದಿರು ಹೆದರಿದ್ದರು. ಇಂಥ ಲಸಿಕೆಯಿಂದ ಆಟಿಸಂ ಬರುತ್ತದೆಂಬ ಮಾತು ನಿನ್ನ ಫೋನಿಗೂ ಬಂದಿರಬಹುದು. ಅದಕ್ಕೆ ಮೂಲವಾದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಚುಚ್ಚಿಸಿಕೊಂಡ ಒಂದು ವಾರದ ಮೇಲೆ ಸಣ್ಣ ಜ್ವರವೋ ತೆಳು ಕೆಂಪೋ ಕಂಡರೆ ಗಾಬರಿಯಾಗಬೇಡ, ತಾನಾಗಿ ಇಳಿಯುತ್ತದೆ.

ಪಕ್ಕದ ಮನೆಯ ನಾಲ್ಕು ತಿಂಗಳ ಕೂಸನ್ನೂ ನೆನೆಸಿಕೋ. ಅದಕ್ಕಿನ್ನೂ ಲಸಿಕೆಯ ವಯಸ್ಸಾಗಿಲ್ಲ. ಸುತ್ತಲಿನ 100 ಮಂದಿಯಲ್ಲಿ 95 ಮಂದಿಗೆ ರಕ್ಷಣೆ ಇದ್ದರೆ ಮಾತ್ರ ಕಾಯಿಲೆ ಅದರ ತೊಟ್ಟಿಲವರೆಗೆ ಬರುವುದಿಲ್ಲ.

ಅಕಸ್ಮಾತ್ ಮಗುವಿಗೆ ಜ್ವರದ ಜೊತೆ ಗುಳ್ಳೆ ಎದ್ದರೆ ಹಾಸಿಗೆಗೆ ಬೇವಿನಸೊಪ್ಪು ಇಡು, ನಾನು ಬೇಡ ಅನ್ನುವುದಿಲ್ಲ. ಆದರೆ ಪಥ್ಯದ ಹೆಸರಿನಲ್ಲಿ ಊಟ, ನೀರು ನಿಲ್ಲಿಸಬೇಡ. ಕಣ್ಣಿಗೆ ಯಾವ ರಸವನ್ನೂ ಹಿಂಡಬೇಡ. ಈ ವೈರಸ್ಸನ್ನೇ ಕೊಲ್ಲುವ ಔಷಧಿಯಿಲ್ಲ, ಆ್ಯಂಟಿಬಯಾಟಿಕ್ ಅದಕ್ಕೆ ತಾಗುವುದಿಲ್ಲ. ವೈದ್ಯರು ವಯಸ್ಸಿಗೆ ತಕ್ಕಂತೆ ಎರಡು ದಿನ ವಿಟಮಿನ್ ಎ ಕೊಡುತ್ತಾರೆ, ಅದನ್ನು ತಪ್ಪಿಸಬೇಡ. ಉಸಿರು ಜೋರಾದರೆ, ಮಗು ಮಂಪರಾದರೆ ತಡಮಾಡಬೇಡ. ಆಸ್ಪತ್ರೆಗೆ ಹೊರಡುವ ಮುಂಚೆ ಒಂದು ಫೋನ್ ಮಾಡಿ 'ದಡಾರ ಇರಬಹುದು' ಎಂದು ತಿಳಿಸು. ಬೇರೆ ಕಡೆ ಕೂರಿಸುತ್ತಾರೆ. ಏಕೆಂದರೆ ಆಸ್ಪತ್ರೆಯ ಸಾಲಿನಲ್ಲಿ ಎಳೆಗೂಸುಗಳೂ ಬಸುರಿಯರೂ ಕಾದು ಕೂತಿರುತ್ತಾರೆ.