ಕಿರ್ಲೋಸ್ಕರ ನಾಟಕ ಮಂಡಳಿ

ಪುಣೆಯ ವಿದ್ಯಾರ್ಥಿಗಳಿಗೆ ಕಿರ್ಲೋಸ್ಕರ ಎಂಬ ಹೆಸರು ಯಂತ್ರಗಳಿಂದ ಪರಿಚಿತವಾದುದು. ಯಂತ್ರಗಳಿಗಿಂತ ಮೊದಲೇ ಆ ಹೆಸರು ರಂಗಭೂಮಿಯಲ್ಲಿ ಮೊಳಗಿತ್ತೆಂಬುದನ್ನು ಬಲ್ಲವರು ವಿರಳ. ಬಲವಂತ ಪಾಂಡುರಂಗ ಕಿರ್ಲೋಸ್ಕರರು, ಎಂದರೆ ಅಣ್ಣಾಸಾಹೇಬರು, 1843ರಲ್ಲಿ ಜನಿಸಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. (ಯಂತ್ರೋದ್ಯಮಿ ಲಕ್ಷ್ಮಣರಾಯರ ಊರೂ ಅದೇ!) ಅವರ ಮನೆಮಾತು ಮರಾಠಿ, ಆದರೆ ಊರಿನ ಮಾತು ನಮ್ಮ ಕನ್ನಡ.

ಅದುವರೆಗಿನ ಮರಾಠಿ ನಾಟಕದಲ್ಲಿ ಹಾಡುವ ಭಾರವೆಲ್ಲ ಸೂತ್ರಧಾರನದು. ಪಾತ್ರಗಳು ಮಾತನ್ನು ಸಮಯಕ್ಕೆ ತೋಚಿದಂತೆ ಆಡುತ್ತಿದ್ದವು. 1880ರಲ್ಲಿ ಪಾರಸಿ ಕಂಪನಿಯೊಂದರ 'ಇಂದ್ರಸಭಾ'ವನ್ನು ಕಂಡ ಅಣ್ಣಾಸಾಹೇಬರು ಕಾಳಿದಾಸನ ಶಾಕುಂತಲವನ್ನು ಮರಾಠಿಗೆ ತಂದು, ಪ್ರತಿಯೊಂದು ಪಾತ್ರದ ಬಾಯಲ್ಲೂ ಪದಗಳನ್ನಿಟ್ಟರು. ಕೀರ್ತನೆ, ಲಾವಣಿ, ಹಿಂದುಸ್ತಾನಿ ರಾಗ, ಕನ್ನಡದ ಧಾಟಿ ಎಲ್ಲವೂ ಅಲ್ಲಿ ಕೂಡಿದವು. ಅದೇ ವರ್ಷ ಅಕ್ಟೋಬರ 31ರಂದು ಇದೇ ಪುಣೆಯಲ್ಲಿ ಮೊದಲ ನಾಲ್ಕು ಅಂಕಗಳ ಪ್ರಯೋಗವಾಯಿತು. 1882ರಲ್ಲಿ 'ಸೌಭದ್ರ' ಬಂದಿತು.

1885ರಲ್ಲಿ ಅಣ್ಣಾಸಾಹೇಬರು ತೀರಿಕೊಂಡರೂ ಮಂಡಳಿ ಕುಸಿಯಲಿಲ್ಲ. ಏಕೆ? ಭಾವೂರಾವ ಕೋಲ್ಹಟಕರರ ಕಂಠವಿತ್ತು. ಹೆಂಗಸರು ರಂಗವೇರದ ಆ ಕಾಲದಲ್ಲಿ ಅವರೇ ಶಕುಂತಲೆ, ಅವರೇ ಸುಭದ್ರೆ. ಅವರು 1901ರಲ್ಲಿ ಗತಿಸಿದರು. ನಾಲ್ಕು ವರ್ಷಗಳ ತರುವಾಯ ಹದಿನೇಳರ ತರುಣ ನಾರಾಯಣ ರಾಜಹಂಸರು ಮಂಡಳಿಯನ್ನು ಸೇರಿದರು. ಇವರೇ ಬಾಲಗಂಧರ್ವರು. 1911ರ ಮಾರ್ಚ 12ರಂದು ಮುಂಬಯಿಯಲ್ಲಿ 'ಮಾನಾಪಮಾನ'ದ ಮೊದಲ ಪ್ರಯೋಗ. ಅದೇ ದಿನ ಅವರ ಎಳೆಯ ಮಗಳು ತೀರಿಕೊಂಡಳು. ಆದರೂ ಅವರು ಬಣ್ಣ ಹಚ್ಚಿ ಹಾಡಿದರು. ಇದನ್ನು ಕರ್ತವ್ಯನಿಷ್ಠೆಯೆಂದು ಹೊಗಳುವವರುಂಟು; ನಮಗಾದರೋ ಎದೆ ನಡುಗುತ್ತದೆ.

ಜನರು ಬರುತ್ತಿದ್ದುದು ಮಂಡಳಿಯ ಹೆಸರಿಗೋ, ಆ ಕಂಠಕ್ಕೋ? ಉತ್ತರ 1913ರಲ್ಲಿ ದೊರೆಯಿತು. ಬಾಲಗಂಧರ್ವರು, ಗೋವಿಂದರಾವ ಟೇಂಬೆ, ಗಣಪತರಾವ ಬೋಡಸ ಮೂವರೂ ಹೊರನಡೆದು ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು; ಪ್ರೇಕ್ಷಕರೂ ಅವರ ಬೆನ್ನು ಹತ್ತಿದರು. ಕಿರ್ಲೋಸ್ಕರ ಮಂಡಳಿಗೆ ದೀನಾನಾಥ ಮಂಗೇಶಕರರು ಆಸರೆಯಾದರು. 1918ರಲ್ಲಿ ಅವರೂ ಬೇರೆಯಾಗಿ ಬಲವಂತ ಸಂಗೀತ ಮಂಡಳಿಯನ್ನು ಸ್ಥಾಪಿಸಿದರು. ಹೊಸ ಮಂಡಳಿಗೂ ಅಣ್ಣಾಸಾಹೇಬರದೇ ಹೆಸರು!

ಗಂಧರ್ವ ಮಂಡಳಿಯಾದರೂ ಬಾಳಿತೇ? ಬೆಲೆಬಾಳುವ ಸೀರೆ, ಅತ್ತರುಗಳ ವೈಭವದೊಡನೆ ಸಾಲವೂ ಬೆಳೆಯಿತು. 1931ರಲ್ಲಿ ಮಾತಾಡುವ ಚಿತ್ರಗಳು ಬಂದವು. 1933ರಲ್ಲಿ ಪ್ರಭಾತ ಕಂಪನಿ ಕೊಲ್ಲಾಪುರದಿಂದ ಪುಣೆಗೇ ಬಂದಿತು. 1935ರಲ್ಲಿ ಬಾಲಗಂಧರ್ವರು ಅದೇ ಕಂಪನಿಯ 'ಧರ್ಮಾತ್ಮಾ' ಚಿತ್ರದಲ್ಲಿ ಏಕನಾಥರಾಗಿ ಕಾಣಿಸಿಕೊಂಡರು.

ಮಂಡಳಿಗಳು ಹೋದವು, 'ಸೌಭದ್ರ' ಉಳಿದಿದೆ. 1968ರಲ್ಲಿ ತೆರೆದ ಬಾಲಗಂಧರ್ವ ರಂಗಮಂದಿರವನ್ನು ನೀವೆಲ್ಲ ಕಂಡಿದ್ದೀರಿ. ಆ ನಾಟಕವನ್ನು ನೋಡುವ ಸಂದರ್ಭ ಒದಗಿದರೆ ಕಿವಿಗೊಟ್ಟು ಕೇಳಿರಿ. ಅಜ್ಜಿ ಹಾಡುವ ಯಾವುದಾದರೂ ಧಾಟಿ ಅಲ್ಲಿ ಸಿಕ್ಕರೆ ನಮಗೆ ಬಂದು ತಿಳಿಸಿರಿ.